ಹಿನ್ನೀರಿನಲ್ಲಿ ಸದ್ದಿಲ್ಲದ ಹುಟ್ಟು: ದೋಣಿಯಲ್ಲಿ ಕೂತು ನೀರುನಾಯಿ, ಹಕ್ಕಿ ನೋಡುವವರಿಗೆ

ಚಳಿ ಶುರುವಾಯಿತೆಂದರೆ ಒಂದು ಪ್ರಶ್ನೆ ತಪ್ಪದೆ ಬರುತ್ತದೆ: "ಭದ್ರಾ ಹಿನ್ನೀರಿನಲ್ಲಿ ನಮ್ಮದೇ ದೋಣಿ ಇಳಿಸಿ ನೀರುನಾಯಿ ನೋಡಬಹುದಾ?" ಆಗುವುದಿಲ್ಲ. ಲಕ್ಕವಳ್ಳಿಯ ಅಣೆಕಟ್ಟಿನ ಮೇಲಿನ ಹಿನ್ನೀರಿನ ಬಹುಭಾಗಕ್ಕೆ ಭದ್ರಾ ಅಭಯಾರಣ್ಯದ ದಡವಿದೆ. 1998ರಿಂದ ಅದು ಹುಲಿ ಯೋಜನೆಯ ವ್ಯಾಪ್ತಿಯಲ್ಲೂ ಇದೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಪರವಾನಗಿ ಇಲ್ಲದೆ ಅಭಯಾರಣ್ಯದೊಳಗೆ ಕಾಲಿಡುವುದೇ ಅಪರಾಧ, ಅದು ನೀರಿನ ಮೇಲಿನಿಂದಾದರೂ ಅಷ್ಟೇ. ಅಲ್ಲಿ ಹಕ್ಕಿ, ಮೊಸಳೆ ನೋಡಬೇಕಿದ್ದರೆ ಲಕ್ಕವಳ್ಳಿಯಿಂದ ಹೊರಡುವ ಅಧಿಕೃತ ಬೋಟ್ ಸಫಾರಿ ಹಿಡಿಯಿರಿ. ಅದು ಮೋಟಾರು ದೋಣಿ, ಸದ್ದು ಇದ್ದೇ ಇರುತ್ತದೆ. ಆದರೆ ಅಲ್ಲಿನ ಪ್ರಾಣಿಗಳಿಗೆ ಆ ಸದ್ದು ರೂಢಿಯಾಗಿದೆ.

ಸ್ವಂತ ಕೈಯಿಂದ ಹುಟ್ಟು ಹಾಕಿಕೊಂಡು ಮೌನವಾಗಿ ಹೋಗಬೇಕು ಎನ್ನುವವರಿಗೆ ಹಾಸನದ ಕಡೆಯ ಹೇಮಾವತಿ ಹಿನ್ನೀರು ಒಳ್ಳೆಯದು. ಈ ಲೇಖನ ಅದನ್ನೇ ಮನಸ್ಸಿನಲ್ಲಿಟ್ಟುಕೊಂಡು ಬರೆದದ್ದು. ಬೇರೆ ಕೆರೆ, ಹೊಳೆಗಳಿಗೂ ಬಹುಪಾಲು ಅನ್ವಯಿಸುತ್ತದೆ. ಒಂದು ಮಾತು ಮೊದಲೇ ಹೇಳಿಬಿಡುತ್ತೇವೆ: ದೋಣಿ ಓಡಿಸುವುದನ್ನು ಎರಡು ಬೆಳಗಿನಲ್ಲಿ ಕಲಿಯಬಹುದು, ದೋಣಿ ನಿಲ್ಲಿಸಿಕೊಂಡು ಕೂರುವುದಕ್ಕೆ ಒಂದು ಚಳಿಗಾಲವೇ ಬೇಕು. ಪ್ರಾಣಿ ಕಾಣುವುದು ನಿಂತಾಗಲೇ.

1. ಜಾಗ, ಅನುಮತಿ

ಹೇಮಾವತಿ ಮತ್ತು ಬೇಲೂರು ಬಳಿಯ ಯಗಚಿ ಜಲಾಶಯಗಳೆರಡೂ ಕಾವೇರಿ ನೀರಾವರಿ ನಿಗಮದ ಸುಪರ್ದಿಯಲ್ಲಿವೆ. ಅನುಮತಿ ಬೇಕೇ ಬೇಕು ಎಂದುಕೊಂಡೇ ಹೊರಡಿ. ಅಣೆಕಟ್ಟಿನ ಎಂಜಿನಿಯರ್ ಕಚೇರಿಗೆ ಒಂದು ಪತ್ರ ಕೊಡಿ: ಯಾವ ದಿನ, ಎಷ್ಟು ಜನ, ಎಲ್ಲಿ ಇಳಿಸುತ್ತೀರಿ, ಎಷ್ಟು ಗಂಟೆಗೆ ಮೇಲೆ ಬರುತ್ತೀರಿ, ಮೋಟಾರು ಇಲ್ಲ, ಮೀನು ಹಿಡಿಯುವುದಿಲ್ಲ. ಇದರ ಒಂದು ಪ್ರತಿ ಹತ್ತಿರದ ಪೊಲೀಸ್ ಠಾಣೆಗೂ ತಲುಪಲಿ. ದಡ ಅರಣ್ಯ ಇಲಾಖೆಯದ್ದಾಗಿದ್ದರೆ ವಲಯ ಅರಣ್ಯಾಧಿಕಾರಿ ಕಚೇರಿಯಲ್ಲೂ ಕೇಳಬೇಕು. ದಡ ಯಾರದೋ ತೋಟದ್ದಾಗಿದ್ದರೆ ತೋಟದವರ ಮಾತು ಸಾಕು, ಆದರೆ ಅದು ಹಿಂದಿನ ದಿನವೇ ಆಗಿರಬೇಕು. ಬೆಳಗಿನ ಐದೂವರೆಗೆ ಗೇಟಿನ ಮುಂದೆ ನಿಂತು ಕೂಗುವುದಲ್ಲ.

ಮೀನುಗಾರರನ್ನು ಕೇಳದೆ ದೋಣಿ ಇಳಿಸಬೇಡಿ. ಹಿನ್ನೀರಿನ ಮೀನು ಗುತ್ತಿಗೆಯದ್ದು, ರಾತ್ರಿ ಬಿಟ್ಟ ಬಲೆಯನ್ನು ಬೆಳಿಗ್ಗೆ ಎತ್ತುತ್ತಾರೆ. ಬಲೆ ಎಲ್ಲಿದೆ, ಮುಳುಗಿದ ಮರ ಎಲ್ಲಿದೆ, ಈ ವಾರ ಆನೆ ಯಾವ ದಡಕ್ಕೆ ಇಳಿಯುತ್ತಿದೆ, ಮೊಸಳೆ ಕಂಡಿದೆಯೇ, ಈ ನಾಲ್ಕಕ್ಕೂ ಉತ್ತರ ಅವರ ಬಳಿ ಇರುತ್ತದೆ. ಯಾವ ನಕ್ಷೆಯಲ್ಲೂ ಇರುವುದಿಲ್ಲ.

ಬೇಡವಾದ ಜಾಗಗಳು ಮೂರು. ಅಣೆಕಟ್ಟಿನ ಗೋಡೆ, ಗೇಟುಗಳ ಸಮೀಪ. ಅಣೆಕಟ್ಟಿನ ಕೆಳಗಿನ ಹೊಳೆ, ಏಕೆಂದರೆ ಗೇಟು ಎತ್ತಿದರೆ ನೀರು ಒಮ್ಮೆಲೇ ಏರುತ್ತದೆ. ಮತ್ತೆ ಶೆಟ್ಟಿಹಳ್ಳಿಯ ಹಳೇ ಇಗರ್ಜಿಯ ಒಳಗೆ. ಅರ್ಧ ಮುಳುಗಿದ ಆ ಕಮಾನುಗಳ ನಡುವೆ ದೋಣಿ ತೂರಿಸುವ ಆಸೆ ಎಲ್ಲರಿಗೂ ಆಗುತ್ತದೆ. ವರ್ಷವರ್ಷವೂ ನೆನೆದು ಒಣಗುವ ಗೋಡೆ ಅದು, ಕಲ್ಲು ಯಾವಾಗ ಬೀಳುತ್ತದೆಂದು ಹೇಳಲಾಗದು. ವಾರಾಂತ್ಯದಲ್ಲಿ ಅಲ್ಲಿ ಜನಜಂಗುಳಿಯೂ ಇರುವುದರಿಂದ ಪ್ರಾಣಿ ನೋಡುವ ಜಾಗವಂತೂ ಅಲ್ಲ. ಆದರೆ ನೀರಿನ ಮಟ್ಟ ತಿಳಿಯಲು ಅದು ಚೆನ್ನಾದ ಅಳತೆಗೋಲು: ಇಗರ್ಜಿಯ ಸುತ್ತ ನೆಲ ಕಾಣುತ್ತಿದೆ ಎಂದರೆ ಹಿನ್ನೀರಿನ ತುಂಬ ಮರದ ಮೋಟುಗಳೂ ಮೇಲೆದ್ದಿವೆ, ಇಲ್ಲವೇ ನೀರಿನ ಅಡಿಯಲ್ಲೇ ಹೊಂಚುತ್ತಿವೆ ಎಂದು ಅರ್ಥ.

2. ತಿಂಗಳು ಮತ್ತು ಹೊತ್ತು

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬೇಡ. ಹೇಮಾವತಿ ಹುಟ್ಟುವುದು ಮೂಡಿಗೆರೆ ತಾಲ್ಲೂಕಿನ ಮಳೆನಾಡಿನಲ್ಲಿ. ನಿಮ್ಮ ದಡದಲ್ಲಿ ಬಿಸಿಲಿದ್ದರೂ ಮೇಲಿನ ಮಳೆಯ ನೀರು ದಿಮ್ಮಿಗಳ ಸಮೇತ ಬರುತ್ತದೆ. ನವೆಂಬರ್ ನಡುವಿನಿಂದ ಫೆಬ್ರವರಿ ಕೊನೆಯವರೆಗೆ ಸರಿಯಾದ ಕಾಲ. ನೀರು ತಕ್ಕಮಟ್ಟಿಗೆ ತುಂಬಿರುತ್ತದೆ, ವಲಸೆ ಹಕ್ಕಿಗಳು ಬಂದಿರುತ್ತವೆ, ಚಳಿಗೆ ಮೈ ಕಾಯಿಸಲು ಪ್ರಾಣಿಗಳು ದಡದ ಬಿಸಿಲಿಗೆ ಬರುತ್ತವೆ. ಮಾರ್ಚ್ ದಾಟಿದರೆ ಎರಡು ತೊಂದರೆ. ಕಾಫಿಗೆ ಹೂಮಳೆ ತರುವ ಗುಡುಗು ಸಿಡಿಲು ಒಂದು, ನೀರು ಇಳಿದ ದಡದ ಮೊಣಕಾಲುದ್ದ ಕೆಸರು ಇನ್ನೊಂದು.

ಜನವರಿಯಲ್ಲಿ ಸೂರ್ಯ ಹುಟ್ಟುವುದು 6.45ರ ಆಸುಪಾಸು. ಚೆನ್ನಾಗಿ ಬೆಳಕಾದ ಕೂಡಲೇ ದೋಣಿ ನೀರಿಗಿಳಿಯಲಿ, 9.30ಕ್ಕೆ ಮೇಲೆ ಬನ್ನಿ. ಹತ್ತರ ಹೊತ್ತಿಗೆ ಗಾಳಿ ಎದ್ದು ನೀರು ಮಡಚಿಕೊಳ್ಳುತ್ತದೆ. ಆಮೇಲೆ ಪ್ರಾಣಿಯೂ ಕಾಣದು, ದೋಣಿಯೂ ಮಾತು ಕೇಳದು.

ಇಲ್ಲಿ ಒಂದು ಗಂಭೀರ ಎಚ್ಚರಿಕೆ. ಆಲೂರು, ಸಕಲೇಶಪುರ, ಬೇಲೂರು ಕಡೆ ನೀರಿಗಿಂತ ಅಪಾಯದ್ದು ರಸ್ತೆಯಿಂದ ನೀರಿನವರೆಗಿನ ನಡಿಗೆ. ಕತ್ತಲಲ್ಲಿ ಕಾಫಿ ತೋಟದೊಳಗೆ ನಿಂತ ಆನೆ ಹತ್ತು ಅಡಿ ದೂರದಲ್ಲಿದ್ದರೂ ಕಾಣುವುದಿಲ್ಲ. ಅರಣ್ಯ ಇಲಾಖೆಯ ಆನೆ ಕಾರ್ಯಪಡೆಯವರು ಆನೆ ಇರುವ ಜಾಗದ ಮಾಹಿತಿ ಕೊಡುತ್ತಾರೆ. ಹಿಂದಿನ ರಾತ್ರಿ ಅದನ್ನು ನೋಡಿ, ತೋಟದ ಕೆಲಸದವರನ್ನೂ ಕೇಳಿ. ಆನೆ ಆ ಬದಿಯಲ್ಲಿದೆ ಎಂದಾದರೆ ಅವತ್ತಿನ ಕಾರ್ಯಕ್ರಮ ರದ್ದು. ಇಲ್ಲ ಎಂದಾದರೂ ಎದುರಿನ ಗಿಡ ಸ್ಪಷ್ಟವಾಗಿ ಕಾಣುವಷ್ಟು ಬೆಳಕಾದ ಮೇಲೆಯೇ ವಾಹನದಿಂದ ಇಳಿಯಿರಿ.

3. ಯಾವ ದೋಣಿ?

ತೆಪ್ಪ, ಅಂದರೆ ಹರಿಗೋಲು, ಪ್ರಾಣಿ ನೋಡಲು ಹೇಳಿ ಮಾಡಿಸಿದಂತಿದೆ: ತಗ್ಗು, ದುಂಡು, ಸದ್ದಿಲ್ಲ. ಊರಿನ ಅಂಬಿಗರೊಬ್ಬರು ಸಿಕ್ಕರೆ ಮೊದಲ ಸಲಕ್ಕೆ ಅದೇ ಸರಿ. ಗಾಳಿಗೆ ಎದುರಾಗಿ ಹೋಗಲು ಮಾತ್ರ ಅದಕ್ಕೆ ಕಷ್ಟ, ಹೊಸಬರ ಕೈಯಲ್ಲಿ ಬುಗುರಿಯಂತೆ ಸುತ್ತುತ್ತದೆ.

ಕೆನೂ ಎಂದರೆ ಮೇಲೆ ತೆರೆದ, ಎರಡೂ ತುದಿ ಚೂಪಾದ ಉದ್ದನೆಯ ದೋಣಿ. ಒಂದೇ ಅಲಗಿನ ಹುಟ್ಟಿನಿಂದ ನಡೆಸುವುದು. ಇಬ್ಬರಿಗೆ 15ರಿಂದ 16 ಅಡಿ ಉದ್ದದ್ದು ಸಾಕು. ಗಟ್ಟಿ ಪ್ಲಾಸ್ಟಿಕ್ಕಿನದಾದರೆ ಭಾರ ಹೆಚ್ಚು, ಆದರೆ ಮೋಟಿಗೆ ತಾಗಿದರೆ ತಡೆದುಕೊಳ್ಳುತ್ತದೆ. ಅಲ್ಯೂಮಿನಿಯಂ ಬೇಡ, ನೀರಿನ ಬಾಟಲಿ ಉರುಳಿದರೂ ದೇವಸ್ಥಾನದ ಗಂಟೆ ಹೊಡೆದಂತಾಗುತ್ತದೆ. ಕಯಾಕ್‌ನಲ್ಲಿ ಹುಟ್ಟಿಗೆ ಎರಡೂ ತುದಿಯಲ್ಲಿ ಅಲಗು. ಒಂದು ಅಲಗು ನೀರಿನಲ್ಲಿದ್ದಾಗ ಇನ್ನೊಂದು ಮೇಲೆದ್ದು ಬಿಸಿಲಿಗೆ ಹೊಳೆಯುತ್ತದೆ, ತೊಟ್ಟಿಕ್ಕುತ್ತದೆ, ಹಕ್ಕಿ ದೂರದಿಂದಲೇ ಗುರುತು ಹಿಡಿಯುತ್ತದೆ. ಗಾಳಿ ತುಂಬುವ ಅಗ್ಗದ ಕಯಾಕ್ ಮುಳುಗಿದ ಮರಗಳಿರುವ ಹಿನ್ನೀರಿಗೆ ಖಂಡಿತ ಬೇಡ.

ಹುಟ್ಟು ಮರದ್ದಾಗಿರಲಿ. ನಿಂತು ಅಲಗನ್ನು ನೆಲಕ್ಕೂರಿದರೆ ಹಿಡಿ ನಿಮ್ಮ ಗಲ್ಲಕ್ಕೂ ಮೂಗಿಗೂ ನಡುವೆ ಬರಬೇಕು. ಉದ್ದ ಹೆಚ್ಚಾದರೆ ಮೇಲಿನ ಕೈ ತಲೆಯಿಂದ ಮೇಲೇರಿ ದೂರಕ್ಕೆ ಕಾಣುತ್ತದೆ. ಪ್ರತಿಯೊಬ್ಬರಿಗೂ ಒಂದೊಂದು, ಜೊತೆಗೆ ಒಂದು ಹೆಚ್ಚುವರಿ.

4. ಜೊತೆಗೆ ಏನೇನು?

ಲೈಫ್ ಜಾಕೆಟ್ ಚರ್ಚೆಯ ವಿಷಯವಲ್ಲ. ಈಜು ಬರಲಿ ಬಿಡಲಿ, ದೋಣಿಗೆ ಕಾಲಿಡುವ ಮೊದಲೇ ಬಕಲ್ ಬಿಗಿಯಿರಿ. ಹೆಗಲ ಪಟ್ಟಿ ಹಿಡಿದು ಮೇಲೆತ್ತಿದಾಗ ಅದು ಕಿವಿಯವರೆಗೆ ಬಂದರೆ ಸಡಿಲವಾಗಿದೆ ಎಂದರ್ಥ. ಬಣ್ಣ ಮಾಸಲು ಹಸಿರಿನದಾದರೆ ಹಕ್ಕಿಗಳಿಗೆ ಎದ್ದು ಕಾಣುವುದಿಲ್ಲ. ಆಗ ಅಪಾಯದಲ್ಲಿ ಬೀಸಲು ಒಂದು ಕಿತ್ತಳೆ ಬಟ್ಟೆ ಜೇಬಿನಲ್ಲಿರಲಿ. ಕಿತ್ತಳೆ ಜಾಕೆಟ್ಟೇ ಸಿಕ್ಕಿತೆಂದರೆ ಅದನ್ನೇ ಹಾಕಿ, ಅದರ ಮೇಲೆ ಅಂಗಿ ತೊಡಬೇಡಿ.

ಸೀಟಿ ಜಾಕೆಟ್ಟಿಗೇ ಕಟ್ಟಿರಲಿ. 15 ಮೀಟರ್ ತೇಲುವ ಹಗ್ಗ, ಅಂದರೆ ಪಾಲಿಪ್ರೊಪಿಲೀನ್ ಹಗ್ಗ, ನೈಲಾನ್ ಮುಳುಗುತ್ತದೆ. ನೀರು ಎತ್ತಿ ಚೆಲ್ಲಲು 5 ಲೀಟರ್ ಎಣ್ಣೆ ಕ್ಯಾನನ್ನು ಓರೆಯಾಗಿ ಕತ್ತರಿಸಿದರೆ ಸಾಕು. ಮೊಬೈಲ್ ಮತ್ತು ಒಣಬಟ್ಟೆಗೆ ನೀರು ನುಗ್ಗದ ಚೀಲ. ದುರ್ಬೀನು 8x42 ಆಗಿರಲಿ. 10 ಪಟ್ಟಿನದ್ದು ಅಲುಗಾಡುವ ದೋಣಿಯಲ್ಲಿ ಕೈನಡುಕವನ್ನೂ ಹತ್ತು ಪಟ್ಟು ತೋರಿಸುತ್ತದೆ. ಕ್ಯಾಮೆರಾ ಇದ್ದರೆ ಒಂದು ಕಿಲೋ ಅಕ್ಕಿ ತುಂಬಿದ ಬಟ್ಟೆ ಚೀಲವನ್ನು ತೊಡೆಯ ಮೇಲಿಟ್ಟು ಅದರ ಮೇಲೆ ಲೆನ್ಸ್ ಊರಿ.

ತಿಂಡಿಗೆ ಬಾಳೆಹಣ್ಣು, ಕಡುಬು, ಚಪಾತಿ ಸುರುಳಿ. ಕೋಡುಬಳೆ, ಚಿಪ್ಸ್ ಪ್ಯಾಕೆಟ್ಟು ಮನೆಯಲ್ಲೇ ಇರಲಿ. ಎರಡೂ ನೀರಿನ ಮೇಲೆ ಎಷ್ಟು ದೂರ ಕೇಳುತ್ತವೆಂದು ಒಮ್ಮೆ ದಡದಲ್ಲಿ ನಿಂತು ಪರೀಕ್ಷಿಸಿ ನೋಡಿ.

5. ಸದ್ದು ಎಲ್ಲೆಲ್ಲಿ ಹುಟ್ಟುತ್ತದೆ?

ಜನ ಮಾತಾಡುವುದನ್ನು ನಿಲ್ಲಿಸಿ, ಸದ್ದಿಲ್ಲ ಎಂದುಕೊಳ್ಳುತ್ತಾರೆ. ಪಿಸುಮಾತಿಗಿಂತ ಪ್ರಾಣಿಯನ್ನು ಓಡಿಸುವುದು ದೋಣಿಯ ಮೈಗೆ ಏನಾದರೂ ತಾಗಿದ ಟಕ್ ಎಂಬ ಶಬ್ದ. ಟೊಳ್ಳು ದೋಣಿ ಮದ್ದಳೆಯಂತೆ, ಮೇಲಿನ ಪೆಟ್ಟನ್ನು ನೀರಿನೊಳಕ್ಕೂ ದಾಟಿಸುತ್ತದೆ.

ಹೊರಡುವ ಹಿಂದಿನ ದಿನ ಅಂಗಳದಲ್ಲೇ ಇಷ್ಟು ಮಾಡಿ. ಹುಟ್ಟು ತಾಗುವ ಕಡೆ ದೋಣಿಯ ಅಂಚಿಗೆ ಹಳೆಯ ಸೈಕಲ್ ಟ್ಯೂಬನ್ನು ಉದ್ದಕ್ಕೆ ಸೀಳಿ ತೊಡಿಸಿ, ಎರಡು ತುದಿ ಕಟ್ಟಿ. ಕಾಲಿಡುವ ಜಾಗಕ್ಕೆ ಹಳೇ ಜಮಖಾನ ಅಥವಾ ಗೋಣಿ. ಬಾಟಲಿ, ಕ್ಯಾನು, ಕ್ಯಾಮೆರಾ ಎಲ್ಲಕ್ಕೂ ಅದರದೇ ಜಾಗ, ಕಟ್ಟಿರಬೇಕು. ಜಿಪ್ ಇರುವ ಚೀಲವನ್ನು ಮೊದಲೇ ಅರ್ಧ ತೆರೆದಿಡಿ. ವೆಲ್ಕ್ರೋ ಬೇಡ. ಮೊಬೈಲ್ ಕಂಪನವನ್ನೂ ಆರಿಸಿ. ಕ್ಯಾಮೆರಾದ ಬೀಪ್ ಸದ್ದು ತೆಗೆಯಿರಿ. ಆಮೇಲೆ ಇಬ್ಬರೂ ನೆಲದ ಮೇಲಿನ ದೋಣಿಯಲ್ಲೇ ಕೂತು ಹತ್ತು ನಿಮಿಷ ಹುಟ್ಟು ಆಡಿಸಿ. ಎಲ್ಲಿ ಸದ್ದು ಬಂತೋ ಅಲ್ಲಿಗೆ ಇನ್ನೊಂದು ತುಂಡು ಟ್ಯೂಬು. ನೆರೆಮನೆಯವರು ನಕ್ಕರೆ ನಗಲಿ.

ಸನ್ನೆಗಳನ್ನೂ ಅಲ್ಲೇ ಮಾತಾಡಿಕೊಳ್ಳಿ. ಮುಂದೆ ಕೂತವರು ಕೈಯನ್ನು ಬೆನ್ನ ಹಿಂದೆ ತಂದು ತೋರಿಸಬೇಕು: ಮುಷ್ಟಿ ಎಂದರೆ ನಿಲ್ಲು, ಬೆರಳು ತೋರಿದ ಕಡೆ ಪ್ರಾಣಿ, ಅಂಗೈ ಹಿಂದಕ್ಕೆ ಬೀಸಿದರೆ ಹಿಂದೆ ಸರಿ. ಹುಟ್ಟನ್ನು ಎತ್ತಿ ತೋರಿಸುವುದು ಬೇಡ.

6. ಹುಟ್ಟು ಹಾಕುವ ಬಗೆ

ಭಾರ ಹೆಚ್ಚಿರುವವರು ಹಿಂದೆ ಕೂರಲಿ. ಗಾಳಿಗೆ ಎದುರು ಹೋಗುವಾಗ ಚೀಲಗಳನ್ನು ಮುಂದಕ್ಕೆ ಸರಿಸಿ, ಇಲ್ಲದಿದ್ದರೆ ಹಗುರಾದ ಮೂತಿಯನ್ನು ಗಾಳಿ ತಿರುಗಿಸಿಬಿಡುತ್ತದೆ. ಹೋಗುವಾಗ ಗಾಳಿಗೆ ಎದುರು, ಬರುವಾಗ ಗಾಳಿಯ ಜೊತೆ, ಹೀಗೆ ದಾರಿ ಹಾಕಿಕೊಳ್ಳಿ. ಇದು ದಣಿದ ತೋಳಿಗೂ ಒಳ್ಳೆಯದು. ಎದುರಿನ ಪ್ರಾಣಿಗೆ ನಿಮ್ಮ ವಾಸನೆಯೂ ಹೋಗುವುದಿಲ್ಲ.

ಪಯಣದ ಸಾಮಾನ್ಯ ಹುಟ್ಟು ಹೀಗೆ. ಅಲಗನ್ನು ನೀರಿಗೆ ಬಡಿಯದೆ, ಮುಂದೆ ನೆಟ್ಟಗೆ ಜಾರಿಸಿ. ಸೊಂಟದವರೆಗೆ ಮಾತ್ರ ಎಳೆಯಿರಿ. ಸೊಂಟ ದಾಟಿದ ಎಳೆತ ದೋಣಿಯನ್ನು ಮುಂದೆ ನೂಕುವುದಿಲ್ಲ, ನೀರನ್ನು ಮೇಲೆತ್ತಿ ಗುಳಗುಳ ಎನ್ನಿಸುತ್ತದೆ. ಹಿಂದೆ ಕೂತವರು ಎಳೆತದ ಕೊನೆಯಲ್ಲಿ ಮೇಲಿನ ಕೈಯ ಹೆಬ್ಬೆರಳು ಕೆಳಮುಖವಾಗುವಂತೆ ಮಣಿಕಟ್ಟು ತಿರುಗಿಸಿ ಅಲಗನ್ನು ಚೂರು ಹೊರಕ್ಕೆ ತಳ್ಳಬೇಕು. ಇಂಗ್ಲಿಷಿನ ‘ಜೆ’ ಅಕ್ಷರದ ಕೊಂಡಿಯಂತೆ. ಇದರಿಂದ ಬದಿ ಬದಲಿಸದೆಯೇ ದೋಣಿ ನೇರ ಹೋಗುತ್ತದೆ. ಬದಿ ಬದಲಿಸಿದಷ್ಟೂ ಹುಟ್ಟು ತಲೆಯ ಮೇಲಿಂದ ಹಾರುತ್ತದೆ, ಹನಿ ಉದುರುತ್ತದೆ.

ಪ್ರಾಣಿ ಹತ್ತಿರವಿದ್ದಾಗ ಬೇಕಾದದ್ದು ಬೇರೆಯೇ ಹುಟ್ಟು. ಇದರಲ್ಲಿ ಅಲಗು ನೀರಿನಿಂದ ಮೇಲೆ ಬರುವುದೇ ಇಲ್ಲ. ಎಳೆತ ಸೊಂಟದ ಹತ್ತಿರ ಮುಗಿದಾಗ ಅಲಗಿನ ಅಂಚು ಮುಂದಾಗುವಂತೆ ಹೊರಳಿಸಿ. ಚಾಕು ಬೆಣ್ಣೆಯಲ್ಲಿ ಹೋಗುವಂತೆ ನೀರೊಳಗೇ ಸೀಳಿಕೊಂಡು ಮುಂದಕ್ಕೆ ತನ್ನಿ. ಮುಂದೆ ಬಂದ ಮೇಲೆ ಮೇಲಿನ ಅಂಗೈಯೊಳಗೆ ಹಿಡಿಯನ್ನು ಉರುಳಿಸಿ ಅಲಗನ್ನು ಮತ್ತೆ ಅಡ್ಡಲಾಗಿಸಿ, ಎಳೆಯಿರಿ. ಕೆಳಗಿನ ಕೈ ಸಡಿಲವಾಗಿ ಹಿಡಿದಿರಲಿ, ಹುಟ್ಟು ಅದರೊಳಗೆ ತಿರುಗಬೇಕು. ಸರಿಯಾಗಿ ಮಾಡಿದಾಗ ಹುಟ್ಟಿನ ಕಡ್ಡಿಯ ಸುತ್ತ ಸಣ್ಣ ಸುಳಿಯೊಂದು ಬಿಟ್ಟರೆ ನೀರಿನ ಮೇಲೆ ಏನೂ ಕಾಣುವುದಿಲ್ಲ. ತಪ್ಪುವುದು ಎಲ್ಲೆಂದರೆ, ಮುಂದಕ್ಕೆ ತರುವಾಗ ಅಲಗು ಕೊಂಚ ಓರೆಯಾದರೂ ಅದು ದೋಣಿಯ ಅಡಿಗೆ ಓಡುತ್ತದೆ, ದೋಣಿ ಆ ಬದಿಗೆ ವಾಲುತ್ತದೆ. ಆಗ ಹುಟ್ಟಿನ ಜೊತೆ ಜಗ್ಗಾಡದೆ ಮೇಲಿನ ಕೈ ಬಿಟ್ಟುಬಿಡಿ. ಊರ ಕೆರೆಯಲ್ಲಿ, ಸೊಂಟದಷ್ಟು ನೀರಿನಲ್ಲಿ, ಮೂರು ನಾಲ್ಕು ಸಂಜೆ ಇದನ್ನೇ ಮಾಡಿ.

ಈ ಹುಟ್ಟನ್ನು ಹಾಕುವುದು ಹಿಂದಿನವರೊಬ್ಬರೇ. ಮುಂದಿನವರು ತಮ್ಮ ಹುಟ್ಟನ್ನು ತೊಡೆಯ ಮೇಲೆ ಅಡ್ಡವಿಟ್ಟು ಕಣ್ಣಾಗಿರಬೇಕು.

7. ಹತ್ತಿರ ಹೋಗುವುದು, ನಿಲ್ಲುವುದು

ದಡದಿಂದ 30ರಿಂದ 50 ಮೀಟರ್ ದೂರದಲ್ಲಿ ದಡಕ್ಕೆ ಸಮಾನಾಂತರವಾಗಿ ಸಾಗಿ. ಸೂರ್ಯ ಬೆನ್ನಿಗಿರಲಿ. ಪ್ರಾಣಿಯ ಕಡೆ ಮೂತಿ ತಿರುಗಿಸಿ ನೇರ ನುಗ್ಗುವುದು ಬೇಟೆಗಾರನ ನಡೆ. ಓರೆಯಾಗಿ, ಬೇರೆಲ್ಲೋ ಹೋಗುತ್ತಿರುವವರಂತೆ ಹೋಗಿ. ಹೊಳೆಯ ತಿರುವಿನಲ್ಲಿ, ಹಳ್ಳ ಸೇರುವ ಬಾಯಲ್ಲಿ, ಒಣಮರದ ನೆರಳಿನಲ್ಲಿ ದೋಣಿ ನಿಲ್ಲಿಸಿ ಇಪ್ಪತ್ತು ನಿಮಿಷ ಕೂರಿ. ಮೊದಲ ಐದು ನಿಮಿಷ ಏನೂ ಇರುವುದಿಲ್ಲ, ಹೊಸಬರು ಅಲ್ಲಿಂದ ಹೊರಡುವುದು ಆಗಲೇ.

*ನೀರುನಾಯಿ.* ಮೊದಲು ಗುರುತು ಹುಡುಕಿ: ನೀರಂಚಿನ ಬಂಡೆಯ ಮೇಲೆ ಮೀನಿನ ಪೊರೆ ಹೊಳೆಯುವ, ಮೀನು ವಾಸನೆಯ ಹಿಕ್ಕೆ. ಏಡಿ ಚಿಪ್ಪೇ ತುಂಬಿದ್ದರೆ ಅದು ಮಲೆನಾಡಿನ ಹಳ್ಳಗಳ ಸಣ್ಣ ಜಾತಿ. ಪೊರೆ, ಮುಳ್ಳು ಹೆಚ್ಚಿದ್ದರೆ ಅಗಲ ಹೊಳೆಯ ದೊಡ್ಡ ಜಾತಿ. ದೊಡ್ಡದು ಗುಂಪಿನಲ್ಲಿ ಬೇಟೆಯಾಡುತ್ತದೆ, ಸಿಳ್ಳೆಯಂಥ ಚಿಲಿಪಿಲಿ ಮುಂಚೆ ಕೇಳುತ್ತದೆ. ತಲೆಯೊಂದು ನೀರಿನಿಂದ ಕಂಬದಂತೆ ನೆಟ್ಟಗೆ ಎದ್ದು ನಿಮ್ಮತ್ತ ನೋಡಿತೆಂದರೆ ಹುಟ್ಟು ನಿಲ್ಲಿಸಿ. ಅದು ಫುಸ್ ಎಂದು ಉಸಿರು ಹೊರಹಾಕಿತೆಂದರೆ ನೀವು ಆಗಲೇ ಹೆಚ್ಚು ಹತ್ತಿರ ಹೋಗಿದ್ದೀರಿ, ಹಿಂದೆ ಸರಿಯಿರಿ. ಚಳಿಗಾಲದಲ್ಲಿ ಬಿಲದಲ್ಲಿ ಮರಿಗಳಿರಬಹುದು, ಹಾಗಾಗಿ ಬಿಲ ಕಂಡ ದಡಕ್ಕೆ ಇಳಿಯಬೇಡಿ.

*ರೀವ.* ರಿವರ್ ಟರ್ನ್ ಎಂದು ಎಲ್ಲರೂ ಕರೆಯುವ, ಹಳದಿ ಕೊಕ್ಕಿನ, ಕವಲು ಬಾಲದ ಹಕ್ಕಿ. ಬೇಸಿಗೆಯಲ್ಲಿ ನೀರು ಇಳಿದು ಮೇಲೇಳುವ ನಡುಗಡ್ಡೆಗಳ ಬರಿ ನೆಲದಲ್ಲೇ ಎರಡು ಮೂರು ಮೊಟ್ಟೆ ಇಡುತ್ತದೆ. ಭದ್ರಾ ಹಿನ್ನೀರು ಇದಕ್ಕೆ ಹೆಸರಾದದ್ದು. ಉರಿ ಬಿಸಿಲಿನಲ್ಲಿ ತಾಯಿ ಹಾರಿ ಹೋಗಿ ಹೊಟ್ಟೆಯ ಗರಿ ನೆನೆಸಿಕೊಂಡು ಬಂದು ಮೊಟ್ಟೆಯ ಮೇಲೆ ಕೂರುತ್ತದೆ. ನೀವು ಹತ್ತಿರವಿದ್ದಷ್ಟು ಹೊತ್ತು ಅದು ಕೂರದು, ಮೊಟ್ಟೆ ಕಾದು ಕೆಡುತ್ತದೆ. ಗೂಡುಕಟ್ಟುವ ಕಾಲದಲ್ಲಿ ನಡುಗಡ್ಡೆಯಿಂದ ಕನಿಷ್ಠ 100 ಮೀಟರ್ ದೂರ. ತಲೆಯ ಮೇಲೆ ಚೀರುತ್ತಾ ಎರಗಿದರೆ ಅದು ಸ್ವಾಗತವಲ್ಲ.

*ಬೇರೆ ಹಕ್ಕಿಗಳು.* ಒಣಮರದ ಮೇಲೆ ರೆಕ್ಕೆ ಹರಡಿ ಕೂತ ನೀರುಕಾಗೆ, ಹಾವಕ್ಕಿಗಳು ರೆಕ್ಕೆ ಮಡಚಿದರೆ ಅದು ಎಚ್ಚರಿಕೆ. ನೀರಿನ ಮೇಲೆ ನಿಂತಲ್ಲೇ ರೆಕ್ಕೆ ಬಡಿಯುವ ಕಪ್ಪು-ಬಿಳಿ ಮಿಂಚುಳ್ಳಿಗೆ ಮಾತ್ರ ದೋಣಿಯ ಪರಿವೆ ಕಡಿಮೆ, ಹೊಸಬರ ಕ್ಯಾಮೆರಾಕ್ಕೆ ಅದೇ ಗುರು. ಟಿಟ್ಟಿಭ ಕೂಗಿತೆಂದರೆ ಇಡೀ ದಡಕ್ಕೆ ಸುದ್ದಿ ಹೋಯಿತು, ಅಲ್ಲೇ ನಿಂತು ಅದು ಸುಮ್ಮನಾಗುವವರೆಗೆ ಕಾಯಿರಿ.

*ಮೊಸಳೆ.* ಕೆಸರು ದಡದಲ್ಲಿ ಹೊಟ್ಟೆ ಎಳೆದ ನುಣುಪಾದ ಜಾರುಗುರುತು ಕಂಡರೆ ಅಲ್ಲಿ ಇಳಿಯಬೇಡಿ, ನೀರಿಗೆ ಕೈ ಇಳಿಬಿಡಬೇಡಿ. ಬಾಯಿ ತೆರೆದು ಮಲಗಿದ್ದರೆ ಮೈಯ ಬಿಸಿ ಹದ ಮಾಡಿಕೊಳ್ಳುತ್ತಿದೆ, ಅಷ್ಟೇ. ಅದಕ್ಕೂ ಆಳನೀರಿಗೂ ನಡುವಿನ ದಾರಿಯಲ್ಲಿ ನಿಮ್ಮ ದೋಣಿ ಇರಕೂಡದು.

*ಆನೆ.* ಈಜುವ ಆನೆಯ ನೆತ್ತಿ, ಸೊಂಡಿಲ ತುದಿ ಬಿಟ್ಟರೆ ಹೆಚ್ಚೇನೂ ಕಾಣುವುದಿಲ್ಲ. ಮಂಜಿನಲ್ಲಿ ತೇಲುವ ಕೊರಡು ಎಂದುಕೊಳ್ಳುವುದು ಸುಲಭ. ಕೊರಡು ಗಾಳಿಗೆ ಅಡ್ಡಲಾಗಿ ಸಾಗುತ್ತಿದ್ದರೆ ಅದು ಕೊರಡಲ್ಲ. 200 ಮೀಟರ್ ದೂರ ಇಟ್ಟುಕೊಳ್ಳಿ, ಅದು ಹೋಗುತ್ತಿರುವ ದಡದ ಕಡೆ ನಿಲ್ಲಬೇಡಿ. ದಡದಲ್ಲಿ ಮರಿ ಇರುವ ಗುಂಪು ಕಂಡರೆ ಸುಮ್ಮನೆ ಹಿಂದಕ್ಕೆ ಹುಟ್ಟು ಹಾಕಿ.

ಹಕ್ಕಿಯ ಕೂಗನ್ನು ಮೊಬೈಲ್‌ನಲ್ಲಿ ಹಾಕಿ ಕರೆಯುವುದು, ಮೀನು ಎಸೆಯುವುದು, ಡ್ರೋನ್ ಹಾರಿಸುವುದು, ಈ ಮೂರೂ ಬೇಡ.

8. ಕೆಟ್ಟಾಗ

*ಬಲೆ.* ಸಾಲಾಗಿ ತೇಲುವ ಥರ್ಮಾಕೋಲ್ ತುಂಡು, ಖಾಲಿ ಬಾಟಲಿ ಕಂಡರೆ ಕೆಳಗೆ ಬಲೆ. ಸಾಲಿನ ತುದಿ ಸುತ್ತಿಕೊಂಡು ಹೋಗಿ. ಹುಟ್ಟು ಸಿಕ್ಕಿಕೊಂಡರೆ ಎಳೆಯದೆ, ಬಂದ ದಿಕ್ಕಿಗೇ ಸರಿದು ಬಿಡಿಸಿ. ಜೊತೆಗೆ ಒಂದು ಚಾಕು ಇರಲಿ, ಅದು ಮನುಷ್ಯ ಸಿಕ್ಕಿಕೊಂಡರೆ ಮಾತ್ರ ಬಲೆ ಕತ್ತರಿಸಲು. ಹಾಗೆ ಕತ್ತರಿಸಿದರೆ ಬಲೆಯವರನ್ನು ಹುಡುಕಿ ದುಡ್ಡು ಕೊಡಿ.

*ಮೋಟು.* ದೋಣಿ ಮುಳುಗಿದ ಮೋಟಿನ ಮೇಲೆ ಕೂತರೆ ಎದ್ದು ನಿಲ್ಲಬೇಡಿ. ಹೆಚ್ಚಿನ ದೋಣಿಗಳು ಮಗುಚುವುದು ಆಗಲೇ. ಇಬ್ಬರೂ ಕೂತಲ್ಲೇ ಭಾರವನ್ನು ಮೋಟಿನಿಂದ ದೂರದ ತುದಿಗೆ ವಾಲಿಸಿ, ಹಿಂದಕ್ಕೆ ಹುಟ್ಟು ಹಾಕಿ.

*ಮಗುಚಿದರೆ.* ದೋಣಿ ಬಿಡಬೇಡಿ, ತಲೆಕೆಳಗಾದರೂ ಅದು ತೇಲುತ್ತದೆ. ಜೊತೆಗಾರರ ಹೆಸರು ಕೂಗಿ, ಇಬ್ಬರೂ ಒಂದೇ ತುದಿ ಹಿಡಿದು ಕಾಲು ಬಡಿಯುತ್ತಾ ದಡಕ್ಕೆ ಬನ್ನಿ. ಮಧ್ಯದಲ್ಲೇ ಹತ್ತುವ ಸಾಹಸ ಬೇಡ. ದಡದಿಂದ 50 ಮೀಟರ್ ದಾಟಬೇಡಿ ಎಂದದ್ದು ಇದಕ್ಕೇ. ಸಾಧ್ಯವಿದ್ದರೆ ಎರಡು ದೋಣಿಯಲ್ಲಿ ಹೋಗಿ. ದಡದಲ್ಲಿ ಒಬ್ಬರಿಗೆ ವಾಪಸು ಬರುವ ಸಮಯ ಹೇಳಿಹೋಗಿರಬೇಕು, ಅದಾಗಿ ಒಂದು ಗಂಟೆ ಮೀರಿದರೆ ಅವರು 112ಕ್ಕೆ ಕರೆ ಮಾಡಬೇಕು.

*ಮಂಜು.* ದಡ ಕಾಣದಾದರೆ ಮುಂದೆ ಹೋಗಬೇಡಿ. ಯಾವುದಾದರೂ ಒಣಮರಕ್ಕೆ ಹಗ್ಗ ಸುತ್ತಿ ಕೂರಿ, ಬಿಸಿಲೇರಿದಂತೆ ಅದು ತಾನಾಗಿ ಕರಗುತ್ತದೆ.

*ಕೆಸರು.* ಇಳಿಯುವ ಮೊದಲು ಹುಟ್ಟಿನ ಹಿಡಿಯಿಂದ ಚುಚ್ಚಿ ನೋಡಿ. ಒಂದು ಗೇಣಿಗಿಂತ ಹೆಚ್ಚು ಇಳಿದರೆ ಬೇರೆ ಜಾಗ ಹುಡುಕಿ. ಸಿಕ್ಕಿಕೊಂಡರೆ ಕಾಲು ಕೀಳಲು ಹೆಣಗದೆ ದೋಣಿಯ ಅಂಚಿನ ಮೇಲೆ ಎದೆ ಊರಿ, ಭಾರ ಅದಕ್ಕೆ ಬಿಟ್ಟು, ಒಂದೊಂದೇ ಕಾಲು ನಿಧಾನ ಎಳೆದುಕೊಳ್ಳಿ.

ಮನೆಗೆ ಬಂದ ಮೇಲೆ ದೋಣಿಯನ್ನು ಬೋರಲು ಹಾಕಿ, ಟ್ಯೂಬು, ಗೋಣಿ ಬಿಚ್ಚಿ ಎರಡು ದಿನ ಪೂರಾ ಒಣಗಿಸಿ. ಅಂತರಗಂಗೆ ಎಂಬ ನೀರುಕಳೆಯ ಒಂದು ಪುಟ್ಟ ಸಸಿ ಅಂಚಿನ ಸಂದಿಯಲ್ಲಿ ಉಳಿದರೂ ಮುಂದಿನ ವಾರ ನೀವು ಹೋಗುವ ಕೆರೆಗೆ ಅದು ನಿಮ್ಮ ಜೊತೆಯಲ್ಲೇ ಬಂದಿಳಿಯುತ್ತದೆ.